ಒಂದು ಹೆಜ್ಜೆ ತಡ

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು. ಬಡಗಿ ಅವನು. ಕಟ್ಟುಕತೆ ಹೇಳೋ ಜಾಯಮಾನದವನಲ್ಲ. ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡೋನು, ಅದೂ ಮೊಳೆ ಬಾಯಲ್ಲಿ ಕಚ್ಚಿಕೊಂಡೇ.

ಅವತ್ತು ಕಿಟಕಿ ಚೌಕಟ್ಟಿನ ಕೆಲಸ ಮುಗಿಯೋ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಷೆಡ್ಡಿಗೆ ಬೀಗ ಹಾಕಿ ಹೊರಟ. ದಾರಿಯಲ್ಲಿ ಹಳೇ ಬಾವಿ. ಈಗ ನೀರು ಸೇದೋರಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಬೀದಿ ದೀಪ ಅಲ್ಲಿಗೆ ಮುಗಿಯುತ್ತೆ. ಕಾಲಡಿ ಜಲ್ಲಿ. ಚರಕ್... ಚರಕ್... ಅವನ ಹೆಜ್ಜೆಯದೇ ಸದ್ದು.

ಬಾವಿ ಹತ್ತಿರ ಬೆವರು ಒರೆಸಿಕೊಳ್ಳೋಕೆ ನಿಂತ.

ಚರಕ್... ಚರಕ್... ಚರಕ್.

ಅವನು ನಿಂತ ಮೇಲೆ ಮೂರು ಹೆಜ್ಜೆ. ಆಮೇಲೆ ಅದೂ ನಿಂತಿತು.

ತಿರುಗಿ ನೋಡಿದ. ಯಾರೂ ಇಲ್ಲ. ನಾಯಿ ಇರಬೇಕು ಅಂದುಕೊಂಡ. ಆದರೆ ನಾಯಿ ಚಪ್ಪಲಿ ಹಾಕುತ್ತಾ? ಜಲ್ಲಿ ಚರಕ್ ಅಂದ ಮೇಲೆ ಚಪ್ಪಲಿ ಹಿಮ್ಮಡಿಗೆ ಬಡಿಯೋ ಸದ್ದು, ಟಪ್. ಹತ್ತೊಂಬತ್ತು ವರ್ಷ ಕೇಳಿದ ನಡಿಗೆ ಅದು.

ಹೆಂಡತಿ ಸತ್ತು ಎಂಟು ತಿಂಗಳಾಗಿತ್ತು.

ಅವಳು ಓದಿದವಳು. ಕಂಪ್ಯೂಟರಿಗೆ ಸದ್ದಿನ ಸಾಫ್ಟ್‌ವೇರ್ ಬರೀತಿದ್ದಳು. ಇಷ್ಟು ಓದಿ ಬಡಗಿಯನ್ನು ಯಾಕೆ ಕಟ್ಟಿಕೊಂಡೆ ಅಂತ ಯಾರಾದರೂ ಕೇಳಿದರೆ, ಕುರ್ಚಿ ಅಲುಗಾಡ್ತಿತ್ತು, ರಿಪೇರಿಗೆ ಕರೆದೆ, ಇನ್ನೂ ಮುಗಿಸಿಲ್ಲ ಅನ್ನೋಳು.

ಒಬ್ಬಳೇ ಮಗಳು. ಹದಿನೈದು ವರ್ಷ. ಹುಟ್ಟಿನಿಂದ ಕಿವಿ ಮಂದ. ಅಂಗಡಿಯಲ್ಲಿ ಸಿಗೋ ಯಂತ್ರ ಹಾಕಿದರೆ ಪಾತ್ರೆ, ಫ್ಯಾನು, ಮಾತು ಎಲ್ಲ ಸೇರಿ ಒಂದೇ ಗದ್ದಲ. ಮಾತನ್ನಷ್ಟೇ ಸೋಸಿ ಕಿವಿಗೆ ಕೊಡೋ ಸಾಫ್ಟ್‌ವೇರೊಂದನ್ನು ತಾಯಿ ಬರೆಯುತ್ತಿದ್ದಳು. ಮೈಕಿನಲ್ಲಿ ಹೋದದ್ದು ಹೆಡ್‌ಫೋನಿಗೆ ಬರಬೇಕು, ಅದೂ ತಡವಿಲ್ಲದೆ. ತುಟಿ ಈಗ ಆಡಿ ಮಾತು ಆಮೇಲೆ ಬಂದರೆ ಹುಡುಗಿಗೆ ತಲೆ ಸುತ್ತುತ್ತಿತ್ತು.

ಅದಕ್ಕೆ ಕಂಪ್ಯೂಟರಿನ ತಳಪಾಯವೇ ಬೇರೆ ಬೇಕು ಅಂದಿದ್ದಳು. ಆಪರೇಟಿಂಗ್ ಸಿಸ್ಟಮ್ ಅಂತಾರಲ್ಲ, ಅದು. ಕೊಂಡು ತಂದದ್ದಾದರೆ ಬೀಗ ಹಾಕಿದ ಪೆಟ್ಟಿಗೆ. ಲಿನಕ್ಸ್ ಅನ್ನೋ ಸಿಸ್ಟಮ್ ಓಪನ್ ಸೋರ್ಸ್. ಬಿಚ್ಚಿ ನೋಡಬಹುದು, ಬೇಡದ್ದು ಕಿತ್ತು ಹಾಕಬಹುದು. ಗಂಡನಿಗೆ ಇದು ಸಲೀಸಾಗಿ ಅರ್ಥವಾಯಿತು. ಕೀಲು ಕಾಣದ ಬಾಗಿಲನ್ನು ಅವನೂ ನಂಬೋನಲ್ಲ. ಆದರೆ ಲಿನಕ್ಸಿನಲ್ಲೂ ನೂರು ಬಗೆ. ಮೂರು ಹಾಕಿ ನೋಡಿದಳು. ಒಂದು ನೋಡೋಕೆ ಚೆಂದ, ಬೆನ್ನ ಹಿಂದೆ ಐವತ್ತು ಕೆಲಸ ಮಾಡೋದು. ಇನ್ನೊಂದು ವಾರ ವಾರ ಹೊಸದಾಗೋದು, ನಿನ್ನೆ ಸರಿಯಿದ್ದದ್ದು ಇವತ್ತು ಕೆಡೋದು. ಮೂರನೆಯದು ಬೋಳು. ಬೇಕಾದ್ದನ್ನೆಲ್ಲ ನಾವೇ ಕೂರಿಸಿಕೊಳ್ಳಬೇಕು. ಇದೇ ಸರಿ ಅಂದಳು. ಹದ ಮಾಡೋಕೆ ಶುರು ಮಾಡುವಷ್ಟರಲ್ಲಿ ಹಾಸಿಗೆ ಹಿಡಿದಳು.

ಅಕ್ಕನ ಕೆಲಸ ಮುಗಿಸ್ತೀನಿ ಅಂತ ಭಾಮೈದ ಬಂದಿದ್ದ. ಅವನದೂ ಅದೇ ಕಸುಬು. ಎಂಟು ತಿಂಗಳು ಬಟ್ಟೆ ಮುಚ್ಚಿಟ್ಟಿದ್ದ ಕಂಪ್ಯೂಟರನ್ನು ಆನ್ ಮಾಡಿದ. ಬಾವಿ ಹತ್ತಿರ ಹೆಜ್ಜೆ ಕೇಳಿಸಿದ್ದು ಅದೇ ದಿನ ರಾತ್ರಿ.

ಭಾಮೈದ ಬಡಗಿಗೆ ತಿಳಿಯೋ ಹಾಗೆ ಹೇಳಿದ. ಕಂಪ್ಯೂಟರ್ ಸದ್ದನ್ನು ಬೊಗಸೆ ಬೊಗಸೆಯಾಗಿ ತುಂಬಿ ಕೊಡುತ್ತೆ. ಬೊಗಸೆ ದೊಡ್ಡದಾದರೆ ತುಂಬೋಕೆ ಹೊತ್ತು ಹಿಡಿಯುತ್ತೆ. ಚಿಕ್ಕದಾದರೆ ಬೇಗ. ಆದರೆ ಯಂತ್ರದ ಗಮನ ಒಂದು ಚೂರು ಅತ್ತಿತ್ತ ಹೋದರೂ ಚೆಲ್ಲುತ್ತೆ... ಚಟ್. ಚಟ್ ಚಟ್. ಕಿವಿಯೊಳಗೆ ಒಣಕಡ್ಡಿ ಮುರಿದ ಹಾಗೆ. ಅದಕ್ಕೇ ಉಳಿದ ಕೆಲಸವನ್ನೆಲ್ಲ ಬದಿಗೆ ಸರಿಸಿ ಸದ್ದಿಗೆ ಮೊದಲ ಸರದಿ ಕೊಡಬೇಕು. ಆಮೇಲೆ ಬೊಗಸೆಯ ಅಂಕಿ ಇಳಿಸಬೇಕು. ಅಕ್ಕ ಬಿಟ್ಟು ಹೋದಾಗ ಅದು ಎಂಟು ಸಾವಿರದ ಚಿಲ್ಲರೆ ಇತ್ತು.

ಎರಡು ಸಾವಿರಕ್ಕೆ ಇಳಿಸಿದ. ಆ ರಾತ್ರಿ ಬಡಗಿ ಬಾವಿ ಹತ್ತಿರ ನಿಂತ.

ಚರಕ್-ಟಪ್.

ಒಂದೇ ಹೆಜ್ಜೆ. ಹತ್ತಿರ ಬಂದಿದ್ದಳು. ಅವನು ಬೇಕಂತಲೇ ನಿಧಾನ ನಡೆದ. ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರಲ್ಲ ಅಂತ ಗೊತ್ತಿತ್ತು.

ಅಂಕಿ ಐನೂರಕ್ಕೆ ಬಂತು. ಆ ರಾತ್ರಿ ಅವನ ಹೆಜ್ಜೆಯ ಬಾಲಕ್ಕೆ ಅವಳ ಹೆಜ್ಜೆ ಅಂಟಿಕೊಂಡಿತ್ತು. ಟ-ಟಪ್. ಟ-ಟಪ್. ಖುಷಿಯಾಗಬೇಕಿತ್ತು... ಆಗಲಿಲ್ಲ. ಅಳತೆ ಕಸುಬಿನವನು, ಲೆಕ್ಕ ಹಾಕಿದ. ಇನ್ನೊಂದು ಸಲ ಇಳಿದರೆ ಎರಡೂ ಸದ್ದು ಒಂದಾಗುತ್ತೆ. ಒಂದಾದ ಮೇಲೆ ಅವಳದು ಯಾವುದು, ತನ್ನದು ಯಾವುದು? ಕೇಳಿಸೋದೇ ಇಲ್ಲ.

ಮನೆಯವರು ಮಲಗಿದ ಮೇಲೆ ಎದ್ದ. ಅಂಕಿ ಎಲ್ಲಿ ಬದಲಾಯಿಸೋದು ಅಂತ ನೋಡಿಟ್ಟುಕೊಂಡಿದ್ದ. ಒಂದೇ ಬೆರಳಲ್ಲಿ ಒತ್ತಿದ. ಎಂಟು ಸಾವಿರದ ನೂರ ತೊಂಬತ್ತೆರಡು. ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಬಾವಿ ತನಕ ಹೋಗಿ ನಿಂತ.

ಮೂರು ಹೆಜ್ಜೆ.

ಬೆಳಿಗ್ಗೆ ಭಾಮೈದ ತಲೆ ಕೆರೆದುಕೊಂಡ. ಇಳಿಸಿದ. ಮಾರನೇ ಬೆಳಿಗ್ಗೆ ಮತ್ತೆ ಏರಿತ್ತು. ನಾಲ್ಕು ದಿನ ಹೀಗೆ. ಕೊನೆಗೆ ಬೇಸತ್ತು, ಈ ಸಿಸ್ಟಮ್ಮಿಗೆ ನೆನಪೇ ನಿಲ್ಲಲ್ಲ, ಅಕ್ಕ ಆರಿಸಿದ್ದೇ ತಪ್ಪು, ಎಲ್ಲ ಅಳಿಸಿ ಬೇರೆ ಹಾಕ್ತೀನಿ ಅಂದ. ಬಡಗಿ ಮಾಡಿದ ಕಳ್ಳತನದ ತಪ್ಪು ಸತ್ತ ಹೆಂಡತಿಯ ತಲೆಗೆ ಬಂತು. ಆದರೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ.

ಬಿಡಿಸಿದ್ದು ಮಗಳು. ಐದನೇ ಬೆಳಿಗ್ಗೆ, ಮಾವ ಏಳೋ ಮೊದಲೇ ಹೆಡ್‌ಫೋನ್ ಹಾಕಿಕೊಂಡು ಅಪ್ಪನ ಎದುರು ಕೂತಿದ್ದಳು. ಅವನು ಏನೋ ಕೇಳಿದ, ತಿಂದೆಯಾ ಅಂತಲೋ ಏನೋ. ಅವಳು ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟಳು.

"ಅಪ್ಪಾ, ನಿನ್ನ ಬಾಯಿ ಮುಚ್ಚಿದ ಮೇಲೆ ನಿನ್ನ ಮಾತು ಬರುತ್ತೆ. ಸತ್ತೋರ ಮಾತು ಕೇಳಿದ ಹಾಗಾಗುತ್ತೆ. ನನಗೆ ಬೇಡ ಇದು."

ಬಡಗಿ ಭಾಮೈದನನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದ. ಪಿಸುಗುಟ್ಟಿದ.

"ಅಂಕಿ ಏರಿಸ್ತಿದ್ದದ್ದು ನಾನು."

"ಯಾಕೆ ಭಾವ?"

"ನಿಮ್ಮಕ್ಕ ಬರ್ತಾಳೆ... ಬಾವಿ ಹತ್ತಿರ. ಹಿಂದೆ."

ಭಾಮೈದ ನಗಲಿಲ್ಲ.

"ಎಷ್ಟು ಹಿಂದೆ?"

"ನೀನು ಇಳಿಸಿದಷ್ಟೂ ಹತ್ತಿರ. ಪೂರ್ತಿ ಇಳಿಸಿದರೆ... ಮುಗೀತು."

ಅವತ್ತು ಭಾಮೈದ ಅಂಕಿ ಮುಟ್ಟಲಿಲ್ಲ. ರಾತ್ರಿ ಇಬ್ಬರೂ ಬಾವಿ ತನಕ ಹೋದರು. ನಿಂತರು. ಚರಕ್-ಟಪ್... ಚರಕ್-ಟಪ್... ಚರಕ್-ಟಪ್. ಭಾಮೈದ ಕೇಳಿಸಿತು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಜಾಲರಿ ಹಿಡಿದುಕೊಂಡು ಅತ್ತ. ಮನೆಗೆ ಬಂದ ಮೇಲೆ ಕುರ್ಚಿ ಎಳೆದುಕೊಟ್ಟು, ನೀವೇ ಒತ್ತಿ ಭಾವ ಅಂದ.

ಅರವತ್ತನಾಲ್ಕು. ಎರಡೇ ಸಲ ಒತ್ತಬೇಕು. ಬಡಗಿಗೆ ಕಾಲು ಗಂಟೆ ಹಿಡಿಯಿತು.

ಚಟ್ ಅನ್ನಲಿಲ್ಲ. ಒಂದು ಕಡ್ಡಿಯೂ ಮುರಿಯಲಿಲ್ಲ. ಅವಳು ಆರಿಸಿದ್ದು ಸರಿಯಾಗೇ ಇತ್ತು.

ಬೆಳಿಗ್ಗೆ ಮಗಳ ಎದುರು ಕೂತ. ಪುಟ್ಟೀ ಅಂದ. ತುಟಿ ನೋಡುತ್ತಿದ್ದವಳು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಸಲ ಕರಿ ಅಂದಳು. ಕರೆದ. ಹನ್ನೊಂದು ಸಲ ಕರೆಸಿಕೊಂಡಳು.

ರಾತ್ರಿ ಷೆಡ್ಡಿನಿಂದ ಬರುವಾಗ ಬೇಗ ನಡೆದ. ನಿಧಾನ ನಡೆದ. ತಟ್ಟನೆ ನಿಂತ. ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು, ತೊಟಕ್. ಅಷ್ಟೇ. ಜೊತೆಗೇ ಇದ್ದಾಳೋ, ಹೋಗೇ ಬಿಟ್ಟಳೋ... ತಿಳಿಯೋ ದಾರಿಯಿಲ್ಲ. ಹೆಂಡತಿ ಎರಡು ಸಲ ಸತ್ತ ಗಂಡಸು ಯಾರಾದರೂ ಇದ್ದರೆ ಅವನೊಬ್ಬನೇ.

ಆರು ತಿಂಗಳಿಗೆ ಮಗಳ ಕಾಲು ತಾಯಿಯ ಕಾಲಿನಷ್ಟಾಯಿತು. ಬೀರುವಿನ ಮೇಲಿಂದ ಒಂದು ರಟ್ಟಿನ ಡಬ್ಬಿ ಇಳಿಸಿದ. ಹೆಂಡತಿ ಹಾಸಿಗೆ ಹಿಡಿಯೋ ಹಿಂದಿನ ವಾರ ಕೊಂಡ ಚಪ್ಪಲಿ. ಒಂದು ದಿನವೂ ಕಾಲಿಗೆ ಹಾಕಿರಲಿಲ್ಲ. ಅಂಗಡಿಯವನು ಕಟ್ಟಿದ ದಾರ ಹಾಗೇ ಇತ್ತು, ಗಂಟು ಬಿಚ್ಚಿರಲಿಲ್ಲ. ಚಾಕುವಿನಲ್ಲಿ ಕತ್ತರಿಸಿ ತೆಗೆದ.

ಎರಡೂ ಹಿಮ್ಮಡಿ ಸವೆದು ಹೋಗಿತ್ತು.

ಚಪ್ಪಲಿ ಹೊಲಿಯೋನು ಹೊಸ ಅಟ್ಟೆ ಹಾಕಿಕೊಟ್ಟ. ಹಳೇ ಅಟ್ಟೆ ಬಿಸಾಡೋ ಮೊದಲು ಬಡಗಿ ನನ್ನ ಕೈಗೆ ಕೊಟ್ಟಿದ್ದ, ನಾನು ಬೆರಳಾಡಿಸಿ ನೋಡಿದೀನಿ. ನಂಬೋರು ನಂಬಿ, ಬಿಡೋರು ಬಿಡಿ. ನಡೆದದ್ದಂತೂ ನಡೆದದ್ದೇ.