ಡುಲುತ್‌ಗೆ ವಿಮಾನ ಇಲ್ಲ

ಹಿಮದ ಬಿರುಗಾಳಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಿಮಾನಗಳೆಲ್ಲ ರದ್ದಾಗಿ, ಮಿನಿಯಾಪೊಲಿಸ್ ನಿಲ್ದಾಣದ ತುಂಬ ಜೋಲುಮೋರೆ. ಕಾಫಿ ಸಾಲಿನಲ್ಲಿ ಮಾರ್ಲಿಸಳ ಮುಂದಿದ್ದ ಗಂಡಹೆಂಡಿರ ಮುಖ ಮಾತ್ರ ಅರಳಿತ್ತು. ಮಾರ್ಲಿಸಳ ಕಿವಿ ನೆಟ್ಟಗಾಯಿತು.

"ನಿಮ್ಮಮ್ಮನ ಒಣಕಲು ಟರ್ಕಿ ಕೋಳಿ ತಿನ್ನೋದು ಈ ವರ್ಷ ತಪ್ತು ಕಣೆ."

"ಸುಮ್ನಿರೋ, ಅಮ್ಮಂಗೆ ಫೋನ್ ಹಚ್ಚಿದೀನಿ."

ಹೆಂಡತಿ ಮೂಗು ಸೊರಸೊರ ಎಳೆದಳು. "ಅಮ್ಮಾ, ಡುಲುತ್‌ಗೆ ವಿಮಾನನೇ ಇಲ್ವಂತೆ. ನಿನ್ನ ಟರ್ಕಿ ನೆನೆಸ್ಕೊಂಡ್ರೆ ಅಳುನೇ ನಿಲ್ತಿಲ್ಲ."

ಆಮೇಲೆ ಬರೀ ಕೇಳಿಸಿಕೊಂಡಳು. ಫೋನ್ ಇಟ್ಟಾಗ ಮುಖ ಬಿಳಿಚಿತ್ತು.

"ಏನಂತೆ?"

"ನಾನು ಅಳೋದು ಕೇಳಿ ನಮ್ಮಣ್ಣ ಪಿಕಪ್ ಗಾಡಿ ಮುಂದೆ ಹಿಮ ತಳ್ಳೋ ಹಲಗೆ ಕಟ್ಕೊಂಡು ಹೊರಟೇಬಿಟ್ನಂತೆ. ದಾರಿ ಬಿಡಿಸ್ಕೊಂಡೇ ಬಂದು ನಮ್ಮನ್ನ ಕರ್ಕೊಂಡು ಹೋಗ್ತಾನಂತೆ."

ಗಂಡ ಕಾಫಿ ಸಾಲು ಬಿಟ್ಟು, ಪೆಟ್ಟಿಗೆ ಎಳೆದುಕೊಂಡು ಬಾಗಿಲಿನ ಕಡೆ ನಡೆದ.

"ಬರಲ್ಲ ಅಂತ ಹೇಳಿದ್ರೆ ಸಾಕಿತ್ತು. ಅಷ್ಟು ಚೆನ್ನಾಗಿ ಅಳು ಅಂತ ಯಾರು ಹೇಳಿದ್ರು ಕಣೆ ನಿಂಗೆ?"