ಅಕ್ಕನ ಮೂರನೆಯ ಹಲ್ಲುಸೆಟ್ಟು

ಮಾನ್ಯ ಅಧ್ಯಕ್ಷರೇ, ಈ ದಂತ ಚಿಕಿತ್ಸಾಲಯದ ವೈದ್ಯರೇ, ಮೂವತ್ತು ವರ್ಷ ಹಲ್ಲುಸೆಟ್ಟು ಮಾಡಿ ಇಂದು ನಿವೃತ್ತರಾಗುತ್ತಿರುವ, ಎಲ್ಲರೂ ಮೇಷ್ಟ್ರೆಂದೇ ಕರೆಯುವ ನಮ್ಮ ಮೇಷ್ಟ್ರೇ, ಸಭಿಕರೇ,

ಮೇಷ್ಟ್ರನ್ನು ಹೊಗಳಿ ಕೂತುಬಿಡೋಣ ಎಂದುಕೊಂಡಿದ್ದೆ. ಆದರೆ ಒಂದು ಮಾತು ಬಿಟ್ಟರೆ ಆ ಹೊಗಳಿಕೆ ಅರ್ಧ ಸುಳ್ಳಾಗುತ್ತದೆ. ಮೂರು ವರ್ಷ ನಾನು ನನ್ನ ಅಕ್ಕನನ್ನು ಅವಳು ಮಾಡದ ತಪ್ಪಿಗೆ ಗದರಿದ್ದೇನೆ.

ಅಕ್ಕ ಮನಸ್ಸಿನ ಕಾಯಿಲೆಗೆ ಹದಿನೈದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಆ ಮಾತ್ರೆಯಿಂದಲೇ ನೌಕರಿ ಉಳಿಸಿಕೊಂಡಳು, ನಮಗೂ ಉಳಿದಳು. ನಡುವೆ ಬಾಯಿ ಆಡತೊಡಗಿತು; ತುಟಿ ಚಪ್ಪರಿಸುವುದು, ನಾಲಿಗೆ ಹೊರಳುವುದು. ಆಗಲೇ ಹಾಕಿಸಿದ್ದ ಹಲ್ಲುಸೆಟ್ಟು ಸರಿಯಾಗಿ ಕೂತಿಲ್ಲ ಎಂದುಕೊಂಡು ಎರಡನೆಯದು ಮಾಡಿಸಿದೆವು. ಬಾಯಿ ನಿಲ್ಲಲಿಲ್ಲ. ನನಗೆ ಅದು ಹಟವಾಗಿ ಕಂಡಿತು. ಒಂದು ದಿನ ಊಟದ ಮೇಜಿನಲ್ಲಿ, ಮಕ್ಕಳ ಮುಂದೆ, "ಬಾಯಿ ಸ್ವಲ್ಪ ಹಿಡಿತದಲ್ಲಿಟ್ಕೋ" ಎಂದೆ. ಅಕ್ಕ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಮ್ಮ ಮನೆಗೆ ಬಂದಾಗ ಇವತ್ತಿಗೂ ಅಲ್ಲೇ ಉಣ್ಣುತ್ತಾಳೆ.

ಮೂರನೆಯ ಸೆಟ್ಟಿಗೆ ಬಂದಾಗ ಮೇಷ್ಟ್ರು ಕೈಗೆ ಮೆತ್ತಿದ ಪ್ಲಾಸ್ಟರ್ ಒರೆಸಿಕೊಳ್ಳುತ್ತ ಹಿಂದಿನ ಕೋಣೆಯಿಂದ ಬಂದರು. ಹಳೆಯ ಸೆಟ್ಟನ್ನು ಬೆಳಕಿಗೆ ಹಿಡಿದು, ನಾಲ್ಕು ತಿಂಗಳ ಊಟಕ್ಕೆ ಹಲ್ಲು ಇಷ್ಟು ಸವೆಯುವುದಿಲ್ಲ ಎಂದರು. ಅಕ್ಕನನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, "ತಂಗಿಯವರೇ, ನಿಮ್ಮ ಬಾಯಿ ಅಳತೇನೂ ತಗೊಳ್ಳಲಾ?" ಎಂದರು. ಎಷ್ಟೋ ತಿಂಗಳ ಮೇಲೆ ಅಕ್ಕ ನಕ್ಕಳು.

ನಿದ್ದೆಯಲ್ಲೂ ಆಡುತ್ತದೆಯೇ ಎಂದು ಕೇಳಿದರು. ಇಲ್ಲ. ಬೇಕೆಂದರೆ ನಿಲ್ಲುತ್ತದೆಯೇ? ಅಕ್ಕ ಕೆನ್ನೆಗಳನ್ನು ಒತ್ತಿ ಹಿಡಿದಳು. ನಾಲಿಗೆ ಒಳಗೊಳಗೇ ಹೊರಳಿತು.

"ಬಿಡೀಮ್ಮ," ಎಂದರು. "ನೀವು ಆಡಿಸ್ತಿಲ್ಲ. ಅದೇ ಆಡ್ತಿದೆ."

ಕೆಲವು ಮಾತ್ರೆಗಳು ವರ್ಷಗಟ್ಟಲೆ ತೆಗೆದುಕೊಂಡ ಮೇಲೆ ಹೀಗೆ ಮಾಡುವುದನ್ನು ಅವರು ಇನ್ನಿಬ್ಬರಲ್ಲಿ ಕಂಡಿದ್ದರಂತೆ. ನೀವಾಗಿ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೇ ತೋರಿಸಿ ಎಂದು ಎರಡೆರಡು ಸಲ ಹೇಳಿದರು. ಡಾಕ್ಟರು ಪರೀಕ್ಷಿಸಿ ಹೌದೆಂದರು, ಔಷಧಿಯನ್ನು ನಿಧಾನವಾಗಿ ಬದಲಿಸಿದರು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಮಾತ್ರೆಯ ಪೊಟ್ಟಣದೊಳಗಿನ ಚೀಟಿಯಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋದವಳು ನಾನೊಬ್ಬಳೇ. ಓದಿದೆನೇ? ಮೇಷ್ಟ್ರು ಸವೆದ ಹಲ್ಲನ್ನು ಓದಿದರು.

ಮೇಷ್ಟ್ರೇ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅಕ್ಕನ ಹತ್ತಿರ ಮಾತ್ರ ನಾನಿನ್ನೂ ಕ್ಷಮೆ ಕೇಳಿಲ್ಲ. ಎದುರಿಗೆ ಶುರುಮಾಡಿದರೆ "ಬಿಡೇ, ಆಗಿದ್ದಾಯ್ತು" ಎಂದು ಮಾತು ಮುಗಿಸಿಬಿಡುತ್ತಾಳೆ. ಅದಕ್ಕೇ ಈ ಭಾಷಣವನ್ನು ಪೂರ್ತಿ ಬರೆದುಕೊಂಡು ಬಂದೆ. ಕೊನೆಗೆ ಅವಳಿಗೊಂದು ಸಾಲು ಸೇರಿಸಿದ್ದೇನೆ: ಮುಂದಿನ ಸಲ ನನ್ನ ಪಕ್ಕದಲ್ಲಿ ಕೂತು ಊಟ ಮಾಡು.

ತಾಳ್ಮೆಯಿಂದ ಕೇಳಿದಿರಿ, ನಿಮಗೆಲ್ಲ ನಮಸ್ಕಾರ. ನಾಳೆ ಭಾನುವಾರ, ಅಂಚೆ ಇಲ್ಲ; ಸೋಮವಾರ, ಒಂಬತ್ತನೆಯ ತಾರೀಖು, ಈ ಭಾಷಣದ ಹಾಳೆಗಳನ್ನು ಅಕ್ಕನಿಗೆ ಅಂಚೆಗೆ ಹಾಕುತ್ತೇನೆ.