ಜಂಷೀರನ ಕಿವಿಗೆ ಬೀಳದ ಮಾತು

ದೀಪ ಪೂರ್ತಿ ಆರಿಸಬೇಡಿ, ಒಂದು ಇರಲಿ. ಇದು ಕಟ್ಟುಕತೆಯಲ್ಲ. ಶಾರ್ಜಾದಲ್ಲಿ ನಮ್ಮ ಪಕ್ಕದ ರೂಮಿನ ಜಂಷೀರನಿಗೆ ಆದದ್ದು. ಅರ್ಧ ಅವನ ಬಾಯಿಂದ ಕೇಳಿದ್ದೇನೆ, ಇನ್ನರ್ಧ ನಾನೇ ಕಂಡಿದ್ದೇನೆ.

ನಾವಿದ್ದ ಕಟ್ಟಡದ ಹಿಂದೆ ಒಂದು ಬೋರೆಮರ, ಅದರ ಬುಡದಲ್ಲಿ ಹಳೇ ಬಾವಿ. ಬಾವಿಯ ಬಾಯಿಗೆ ಕಬ್ಬಿಣದ ತಗಡು ಮುಚ್ಚಿದ್ದರು. ಗಾಳಿ ಬಂದರೆ ತಗಡು ‘ಟಕ್... ಟಕ್’ ಅನ್ನುತ್ತಿತ್ತು. ಸೂಪರ್‌ಮಾರ್ಕೆಟ್ ಬಾಗಿಲು ಹಾಕಿದ ಮೇಲೆ ಜಂಷೀರ್ ಬರುವ ಕಾಲುದಾರಿ ಅದರ ಪಕ್ಕದಲ್ಲೇ.

ಆ ರಾತ್ರಿ ಅವನ ಕಿವಿಯಲ್ಲಿ ಹೊಸ ಇಯರ್‌ಬಡ್. ಸುತ್ತಲಿನ ಕಟ್ಟಡಗಳ ಏಸಿಗಳೆಲ್ಲ ‘ಗುಂಯ್’ ಅನ್ನುತ್ತಿದ್ದವು. ಬೆರಳಿನಿಂದ ಒಮ್ಮೆ ಒತ್ತಿದ. ಗುಂಯ್ ಹೋಯಿತು. ತಗಡಿನ ಟಕ್ ಟಕ್ ಕೂಡ ಹೋಯಿತು. ತನ್ನ ಚಪ್ಪಲಿಯ ಸದ್ದೂ ಇಲ್ಲ... ಅವನಿಗೆ ಖುಷಿಯೋ ಖುಷಿ.

ಅಷ್ಟರಲ್ಲಿ ಹಿಂದಿನಿಂದ ಭುಜದ ಮೇಲೆ ಒಂದು ಕೈ ಬಿತ್ತು. ತಣ್ಣಗೆ, ಒದ್ದೆ ಒದ್ದೆ.

ಬೆಚ್ಚಿ ತಿರುಗಿ ನೋಡಿದರೆ ಸೈದಲವಿಕ್ಕ. ಇಕ್ಕ ಅಂದರೆ ಅವರಲ್ಲಿ ಅಣ್ಣ. ಅವನದೇ ರೂಮಿನವರು, ಕೆಳಗಿನ ಮಂಚದವರು. ಮೂಲೆಯ ಕೆಫೆಟೇರಿಯಾದಲ್ಲಿ ಪರೋಟ ಬಡಿದು, ಪಾತ್ರೆ ತೊಳೆದು ಬರುತ್ತಿದ್ದರು.

“ತಿರುವಿನಿಂದ ಕರೀತಾ ಬರ್ತಿದೀನಿ ಮೋನೇ... ಕಿವಿ ಎಲ್ಲಿಟ್ಟಿದ್ದೆ?”

“ಹೊಸದು ಇಕ್ಕಾ. ಊರಿಗೆ ಹೋಗ್ತೀನಲ್ಲ, ವಿಮಾನದಲ್ಲಿ ಹಾಕ್ಕೊಳ್ಳೋಕೆ.”

“ಹಾಕ್ಕೊಂಡ್ರೆ ಏನೂ ಕೇಳಲ್ವಾ?”

“ಏನೂ ಕೇಳಲ್ಲ.”

“ಹಾಗಾದ್ರೆ ನನಗೂ ಒಂದು ಬೇಕಿತ್ತು. ನನ್ನ ಕೆಮ್ಮು ನನಗೇ ಸಾಕಾಗಿದೆ.” ನಕ್ಕರು. ನಗುತ್ತಲೇ ‘ಖ್ರ್ಯಾ...’ ಅಂತ ಎಳೆದು ಮರದ ಬುಡಕ್ಕೆ ಉಗಿದರು.

ಜಂಷೀರ್ ಒಂದು ಹೆಜ್ಜೆ ಹಿಂದೆ ಸರಿದ. ಅವರ ಎದುರಿಗೇ ಜೇಬಿನಿಂದ ಟಿಶ್ಯೂ ತೆಗೆದು ಭುಜ ಒರೆಸಿಕೊಂಡ.

ಇವನು ಹಾಗೇ. ತಿರೂರಿನ ಕಡೆಯ ಮಲಯಾಳಿ, ನೋಡಲು ಲಕ್ಷಣವಾಗಿದ್ದ, ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಇನ್ನೊಬ್ಬರು ಮುಟ್ಟಿದ ಲೋಟ ಮುಟ್ಟುವವನಲ್ಲ. ಎಲ್ಲದಕ್ಕೂ ಮೂಗು ಮುರಿಯುವುದು. ವಿಮಾನಕ್ಕೆ ಅಂತ ಅವನು ಹೇಳಿದ್ದು ಕೂಡ ಸುಳ್ಳು. ಮೊಬೈಲ್ ಅಂಗಡಿಯ ಹಂಸಕೋಯ ಆಮೇಲೆ ನನಗೆ ಹೇಳಿದ.

ಹಂಸಕೋಯ ಮೊದಲು ತೋರಿಸಿದ್ದು ಕಿವಿಯನ್ನೇ ಮುಚ್ಚುವ ದೊಡ್ಡ ಹೆಡ್‌ಫೋನು. “ವಿಮಾನಕ್ಕಾದ್ರೆ ಇದನ್ನೇ ತಗೋ. ಎಂಜಿನ್ ಸದ್ದನ್ನ ಪೂರ್ತಿ ನುಂಗುತ್ತೆ. ಬ್ಯಾಟರಿನೂ ಜಾಸ್ತಿ ಬರುತ್ತೆ.”

“ಇದನ್ನ ಹಾಕ್ಕೊಂಡು ಮಗ್ಗುಲಿಗೆ ಮಲಗೋಕೆ ಆಗುತ್ತಾ?”

“ವಿಮಾನದಲ್ಲಿ ಮಗ್ಗುಲಿಗೆ ಮಲಗ್ತಾರಾ?”

ಜಂಷೀರ್ ಬೇರೆ ಡಬ್ಬಿಗಳ ಕಡೆ ಬೆರಳು ತೋರಿಸಿದ. ಹಂಸಕೋಯ ಚಿಕ್ಕದನ್ನು ತೆಗೆದ. “ಹಾಗಾದ್ರೆ ಬಡ್ ತಗೋ. ಆದ್ರೆ ಒಂದು ಮಾತು. ಇವು ಒಂದೇ ಸಮ ಬರೋ ಗುಂಯ್ ಸದ್ದನ್ನ ಕೊಲ್ತವೆ. ಕೆಮ್ಮು, ಮಾತು ಇವೆಲ್ಲ ಸಂದಿಯಲ್ಲಿ ನುಗ್ಗುತ್ತವೆ. ಅದಕ್ಕೆ ರಬ್ಬರು ಬಿಗಿಯಾಗಿರ್ಬೇಕು.”

ಮಾದರಿಗೆ ಇಟ್ಟಿದ್ದನ್ನು ಕಿವಿಗೆ ಹಾಕಿ ನೋಡು ಅಂದರೆ ಇವನು ಮುಟ್ಟಲಿಲ್ಲ. ಎಷ್ಟು ಜನರ ಕಿವಿಗೆ ಹೋಗಿ ಬಂದದ್ದೋ ಅಂದ. ಹೊಸ ಡಬ್ಬಿ ಒಡೆಸಿ, ಎಲ್ಲಕ್ಕಿಂತ ದಪ್ಪ ರಬ್ಬರನ್ನೇ ಆರಿಸಿ, ಕಿವಿ ನೋಯುವಷ್ಟು ಒಳಗೆ ತುರುಕಿಕೊಂಡ.

ಅದು ವಿಮಾನಕ್ಕಲ್ಲ, ಸೈದಲವಿಕ್ಕನಿಗೆ. ಅವರು ಮಲಗಿದರೆ ಮೊದಲು ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ‘ಚಪ್... ಚಪ್’. ಆಮೇಲೆ ಎದೆಯ ಒಳಗಿಂದ ‘ಕರ ಕರ’. ನಡುರಾತ್ರಿ ಎದ್ದು ಕೂತು ‘ಖ್ರ್ಯಾ...’ ಅಂತ ಎಳೆದು, ಮಂಚದ ಬದಿಯ ಹಾಲಿನ ಪುಡಿ ಡಬ್ಬಿಗೆ ‘ತಪ್’. ಹೇಸಿಗೆ ಹೌದು, ನಾನು ಇಲ್ಲವೆನ್ನುವುದಿಲ್ಲ. ನನಗೂ ಆ ಡಬ್ಬಿ ಕಂಡರೆ ಅನ್ನ ಸೇರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎರಡೂ ರೂಮಿಗೆ ಚಹಾ ಕಾಸುತ್ತಿದ್ದವರು ಅವರೇ. ಆ ಚಹಾವನ್ನು ಜಂಷೀರ್ ಅವರು ನೋಡುತ್ತಿರುವಾಗಲೇ ಸಿಂಕಿಗೆ ಸುರಿಯುತ್ತಿದ್ದ. ಥೂ... ನನಗೆ ಕಫಕ್ಕಿಂತ ಹೇಸಿಗೆಯಾದದ್ದು ಅದು.

ಅವನು ಊರಿಗೆ ಹೊರಡುವ ಮುಂಚಿನ ವಾರ. ರೂಮಿನ ಉಳಿದವರಿಗೆಲ್ಲ ರಾತ್ರಿ ಪಾಳಿ. ಒಳಗಿದ್ದವರು ಇಬ್ಬರೇ, ಮೇಲೆ ಜಂಷೀರ್, ಕೆಳಗೆ ಸೈದಲವಿಕ್ಕ. ಇವನು ಕಿವಿಗೆ ಬಿಗಿಯಾಗಿ ತುರುಕಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದ. ಒಳ್ಳೇ ನಿದ್ದೆ ಬಂತಂತೆ.

ಬೆಳಿಗ್ಗೆ ಮಂಚದ ಏಣಿ ಇಳಿಯುವಾಗ ಕಾಲಿಗೆ ಏನೋ ತಣ್ಣಗೆ ಸಿಕ್ಕಿತು. ಬಗ್ಗಿ ನೋಡಿದ. ಸೈದಲವಿಕ್ಕನ ಕೈ. ಏಣಿಯ ಕೆಳಗಿನ ಮೆಟ್ಟಿಲನ್ನು ಬಿಗಿಯಾಗಿ ಹಿಡಿದಿತ್ತು. ಮೈಯೆಲ್ಲ ನೆಲದ ಮೇಲೆ. ಡಬ್ಬಿ ಮಗುಚಿ ಬಿದ್ದಿತ್ತು.

ಅವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬಾತ್‌ರೂಮಿಗೆ ಓಡಿ ಕಾಲು ತೊಳೆದ. ಸೋಪು ಹಾಕಿ ತೊಳೆದ. ಆಮೇಲೆ ನಮ್ಮ ಬಾಗಿಲು ಬಡಿದ.

ಎದೆ ನಿಂತುಹೋಗಿದೆ ಅಂದರು ಡಾಕ್ಟರು. ಕಾಗದಪತ್ರ ಮುಗಿಯಿತು. ಜಂಷೀರನ ಟಿಕೆಟ್ ಹೇಗೂ ಆಗಿತ್ತು, ಇಬ್ಬರದೂ ಅದೇ ಕಡೆಯ ಊರು, ಮಯ್ಯತ್ತಿನ ಜೊತೆ ಅವನೇ ಹೋಗಲಿ ಅಂತ ಎಲ್ಲರೂ ಅಂದರು. ಆ ಕಡೆಯ ಜನರಲ್ಲಿ ಒಂದು ಪದ್ಧತಿ ಇದೆ. ಜೊತೆಗೆ ಹೋದವನು ಮನೆಯವರಿಗೆ ಕೊನೇ ಮಾತು ಒಪ್ಪಿಸಬೇಕು. ಹೆಣವನ್ನು ವಿಮಾನ ತರುತ್ತದೆ, ಮಾತನ್ನು ಮನುಷ್ಯನೇ ತರಬೇಕು. ಇಕ್ಕನ ಹೆಂಡತಿ ಮೈಮೂನ ಫೋನಿನಲ್ಲಿ ಅಳುವಿನ ನಡುವೆ ಕೇಳಿದ್ದು ಅದೊಂದನ್ನೇ. ಮಯ್ಯತ್ತಿನ ಜೊತೆ ಬರುತ್ತಿರುವವರು ಕೊನೇ ಗಳಿಗೆಯಲ್ಲಿ ಹತ್ತಿರ ಇದ್ದರಾ?

“ಇದ್ದ ಅಂತ ಹೇಳಿದೀನಿ,” ಅಂದ ರಂಷಾದ್. ಅವನೂ ಅದೇ ರೂಮಿನವನು.

“ನಾನೇನು ಹೇಳಲೋ?” ಜಂಷೀರನ ದನಿ ಪಿಸುಗುಟ್ಟಿತು.

“ಕೇಳಿದ್ದನ್ನ ಹೇಳು.”

“ಕೇಳಲಿಲ್ಲ ಕಣೋ.”

“ಅವರಿಗಿಂತ ಒಂದೇ ಒಂದು ಹಲಗೆ ಮೇಲಕ್ಕೆ ಮಲಗಿದ್ದೆ...”

“ಕೇಳಲಿಲ್ಲ.”

ರಂಷಾದ್ ಅವನ ಮುಖವನ್ನೇ ನೋಡಿದ. “ದೇವರನ್ನ ನೆನೆದು ಕಲಿಮ ಹೇಳಿ ಕಣ್ಣು ಮುಚ್ಚಿದ್ರು ಅನ್ನು. ಆ ಹೆಂಗಸಿಗೆ ನೆಮ್ಮದಿ ಆಗಲಿ. ನಿನ್ನ ಪಾಪ ನಿನ್ನ ಹತ್ತಿರಾನೇ ಇರಲಿ.”

ವಿಮಾನ ಹತ್ತಿದ. ಮಯ್ಯತ್ತು ಕೆಳಗೆ, ಸಾಮಾನಿನ ಜೊತೆ. ಹಿಂದಿನ ಸಾಲಿನಲ್ಲಿ ಯಾವುದೋ ಕೂಸು ಕಕ್ಕಿತ್ತು, ಹುಳಿ ವಾಸನೆ. ಪಕ್ಕದ ಸೀಟಿನಲ್ಲಿ ಬೀಯಾತ್ತು ಅನ್ನುವ ಮುದುಕಿ. ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದರು. ತಲೆಗೆ, ಕಿವಿಗೆ ಎಲ್ಲ ತೆಂಗಿನೆಣ್ಣೆ ಸುರಿದುಕೊಂಡಿದ್ದರು. ಜಂಷೀರ್ ಮೈ ಮುದುಡಿ ಕೂತ. ದೀಪ ಆರಿಸಿದರು. ಎಂಜಿನ್ನು ‘ಗೋಂ’ ಅನ್ನುತ್ತಿತ್ತು. ಬಡ್ ತುರುಕಿ ಒತ್ತಿದ.

ಗೋಂ ಹೋಯಿತು...

‘ಚಪ್... ಚಪ್.’

ಮುದುಕಿ ಏನೋ ತಿನ್ನುತ್ತಿದೆ ಅಂದುಕೊಂಡು ಓರೆಗಣ್ಣಿನಲ್ಲಿ ನೋಡಿದ. ಬಾಯಿ ಮುಚ್ಚಿ ನಿದ್ದೆ ಮಾಡುತ್ತಿದ್ದರು.

‘ಕರ ಕರ... ಕರ ಕರ...’

ಕಿತ್ತ. ಬರೀ ಎಂಜಿನ್ನು. ಮತ್ತೆ ಹಾಕಿದ. ‘ಖ್ರ್ಯಾ...’ ಉದ್ದಕ್ಕೆ ಎಳೆದು, ಡಬ್ಬಿಯ ತಗಡಿಗೆ ‘ತಪ್’. ಅದರ ಹಿಂದೆಯೇ, ಕಿವಿಗೆ ಬಾಯಿ ತಾಗಿಸಿ ಹೇಳಿದಷ್ಟು ಹತ್ತಿರದಿಂದ, “ಜಂಷೀರೇ...”

ಎರಡನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡ. ಮುದುಕಿಗೆ ಎಚ್ಚರವಾಗಿತ್ತು.

“ಕಿವಿ ಸಿಡೀತಿದೆ ಮೋನೇ. ನಿನ್ನ ಆ ಬೆಂಡಿನ ಥರದ್ದು ಒಂದು ಕೊಡ್ತೀಯಾ?”

ಬೇರೆ ದಿನವಾಗಿದ್ದರೆ ಸತ್ತರೂ ಕೊಡುವವನಲ್ಲ. ಆದರೆ ಇನ್ನೊಬ್ಬರು ಕೇಳಿ, ಅದರಲ್ಲಿ ಏನೂ ಇಲ್ಲ ಅಂತ ಹೇಳಬೇಕಿತ್ತು ಅವನಿಗೆ. ಬಲಗಡೆಯದನ್ನು ಕೊಟ್ಟ. ಅವರು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

“ಯಾರೋ ವಯಸ್ಸಾದವರು ಕರೀತಿದಾರೆ.”

“ಯಾರನ್ನ?”

“ಜಂಷೀರ್ ಅನ್ನೋರನ್ನ. ನೀನಾ?”

ಅವನು ತನ್ನ ಹೆಸರನ್ನು ಆ ಹೆಂಗಸಿಗೆ ಹೇಳಿರಲಿಲ್ಲ.

“ಇಳಿದು ಬಾ ಮೋನೇ, ಅಂತಾರೆ... ಉಸಿರು ಸಿಕ್ತಿಲ್ಲ ಪಾಪ, ತಡೆದು ತಡೆದು ಮಾತಾಡ್ತಾರೆ... ಮೈಮೂನಾಗೆ ಹೇಳು, ಅಂತಾರೆ...”

“ಏನು ಹೇಳಬೇಕಂತೆ?”

ಮುದುಕಿ ತಟ್ಟನೆ ಬಡ್ ತೆಗೆದು ಅವನ ಮುಂದೆ ಹಿಡಿದರು. “ಅದು ನಿನಗೆ ಹೇಳ್ತಿರೋದು. ಗಂಡ ಹೆಂಡತಿ ಮಾತನ್ನ ನಾನ್ಯಾಕೆ ಕೇಳಲಿ? ತಗೋ, ಬೇಗ ಹಾಕ್ಕೋ.”

ಜಂಷೀರ್ ಕೈ ಚಾಚಿದ. ರಬ್ಬರಿನ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಅಂಚಿನಲ್ಲಿ ಕಂದು ಬಣ್ಣದ ಗುಗ್ಗೆ, ಬಿಳೀ ಕೂದಲೊಂದು ಅಂಟಿಕೊಂಡಿತ್ತು.

ಒಂದು ಗಳಿಗೆಯ ಕೆಲಸ ನೋಡಿ. ಕಣ್ಣು ಮುಚ್ಚಿ ಕಿವಿಗೆ ಹಾಕಿಕೊಂಡಿದ್ದರೆ ಆಗಿತ್ತು. ಕೆಳಗೆ ಒಂದು ಜೀವ ಎರಡನೇ ಸಲ ಅದೇ ಮಾತಿಗೆ ಒದ್ದಾಡುತ್ತಿದೆ, ಇವನು ಗುಗ್ಗೆ ನೋಡುತ್ತ ಕೂತಿದ್ದಾನೆ. ಒದ್ದೆ ಟಿಶ್ಯೂ ತೆಗೆದು ಒರೆಸಿದ. ಮೂಸಿದ. ಮತ್ತೊಂದು ತೆಗೆದು ಮತ್ತೆ ಒರೆಸಿದ. ರಬ್ಬರು ಬಿಚ್ಚಿ ಒಳಗೂ ಒರೆಸಿದ. ಕೇಳುತ್ತಿದ್ದರೆ ನನಗೇ ಇವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು.

ಕೊನೆಗೆ ಹಾಕಿಕೊಂಡ.

ಏನೂ ಇಲ್ಲ. ಚಪ್ ಇಲ್ಲ, ಕರ ಕರ ಇಲ್ಲ. ತೊಳೆದಿಟ್ಟ ಹಾಗೆ ಮೌನ. ಅವನು ದುಡ್ಡು ಕೊಟ್ಟು ಕೊಂಡದ್ದು ಅದನ್ನೇ ಅಲ್ಲವೇ.

“ಏನಂದ್ರು?” ಮುದುಕಿ ಪಿಸುಗುಟ್ಟಿದರು.

“ಏನೂ... ಕೇಳ್ತಿಲ್ಲ.”

ಅವರು ಅವನ ಮಡಿಲಲ್ಲಿದ್ದ ಟಿಶ್ಯೂ ರಾಶಿ ನೋಡಿದರು. ಆಮೇಲೆ ತಲೆಯ ವಸ್ತ್ರವನ್ನು ಮೂಗಿನ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದರು. ಕರಿಪ್ಪೂರಿನಲ್ಲಿ ಇಳಿಯುವವರೆಗೂ ಆ ವಸ್ತ್ರ ತೆಗೆಯಲಿಲ್ಲವಂತೆ.

ಮಣ್ಣು ಮುಗಿಯಿತು. ಮನೆಯೊಳಗೆ ಹೆಂಗಸರು ತುಂಬಿದ್ದರು. ಮೈಮೂನ ಬಾಗಿಲ ಪರದೆಯ ಆಚೆ ಕೂತಿದ್ದರು, ಇವನನ್ನು ಈಚೆ ಕುರ್ಚಿಯಲ್ಲಿ ಕೂರಿಸಿದರು. ಕೂತದ್ದೇ ಎಲ್ಲರ ಪಿಸುಮಾತು ನಿಂತುಹೋಯಿತು.

“ಕೊನೆಗೆ ಏನಂದ್ರು?”

“ಕಲಿಮ ಹೇಳಿದ್ರು, ಮೈಮೂನಿತ್ತಾ. ನೆಮ್ಮದಿಯಾಗಿ ಹೋದ್ರು.”

ಒಳಗೆ ಹೆಂಗಸರು ದೇವರನ್ನು ನೆನೆದು ಅತ್ತರು. ಅತ್ತು ಮುಗಿದ ಮೇಲೆ ಪರದೆಯ ಹತ್ತಿರಕ್ಕೆ ಮೈ ಸರಿದ ಸದ್ದು, ಬಳೆಯ ಒಂದು ‘ಕಿಣ್’.

“ನನಗೆ ಅಂತ... ಏನಾದ್ರೂ?”

ಮೈಮೂನಾಗೆ ಹೇಳು ಅಂದರು ಅನ್ನಬಹುದಿತ್ತು. ಹಾಗಂದರೆ, ಏನು ಹೇಳು ಅಂದರು ಅಂತ ಅವರು ಕೇಳುತ್ತಿದ್ದರು. “ಇಲ್ಲ, ಇತ್ತಾ,” ಅಂದ.

ಬಳೆ ಮತ್ತೊಮ್ಮೆ ‘ಕಿಣ್’ ಅಂದಿತು.

“ಮದುವೆ ಆದಾಗಿಂದ ಅವರು ಅಲ್ಲಿ, ನಾನಿಲ್ಲಿ,” ಅಂದರು ಮೈಮೂನ. “ರಾತ್ರಿ ಫೋನ್ ಇಡಬೇಡಿ ಅಂತಿದ್ದೆ. ಅವರು ಮಲಗಿ ಕೆಮ್ಮೋದು ಕೇಳ್ತಾ ಕೇಳ್ತಾ ನನಗೆ ನಿದ್ದೆ ಹತ್ತೋದು. ಈಚೆಗೆ ಅದೂ ಇರಲಿಲ್ಲ. ಮೇಲೆ ಒಬ್ಬ ಹುಡುಗ ಮಲಗ್ತಾನೆ, ಅವನಿಗೆ ಹೇಸಿಗೆ ಆಗುತ್ತೆ ಅಂತ ದಿಂಬು ಕಚ್ಕೊಂಡು ಕೆಮ್ಮೋರು... ಇರಲಿ. ಚಹಾ ಕುಡಿದು ಹೋಗಿ.”

ಚಹಾ ಬಂತು. ಕುಡಿದನೋ ಇಲ್ಲವೋ ನಾನು ಕೇಳಲಿಲ್ಲ.

ರಜೆ ಮುಗಿಯುವ ಮೊದಲೇ ವಾಪಸು ಬಂದ. ಕೆಳಗಿನ ಮಂಚ ಖಾಲಿ, ಯಾರೂ ಅದಕ್ಕೆ ಒಪ್ಪಲಿಲ್ಲ. ಇವನು ಮಾತ್ರ ರಾತ್ರಿಯಾದರೆ ಮೇಲೆ ಮಲಗಿ ಆ ಬಡ್ ತುರುಕಿಕೊಳ್ಳುತ್ತಾನೆ. ಹಾಡಿಲ್ಲ, ಏನಿಲ್ಲ. ಸುಮ್ಮನೆ ಕಾಯುವುದು. ನಡುರಾತ್ರಿ ಅವನು ಕೆಳಗೆ ಬಗ್ಗಿ ಕರೆಯುವುದು ಗೋಡೆಯ ಈಚೆ ನನಗೂ ಕೇಳುತ್ತದೆ. “ಇಕ್ಕಾ... ಈಗ ಹೇಳಿ ಇಕ್ಕಾ... ಈಗ ಕೇಳ್ತೀನಿ...”

ಉತ್ತರ ಬಂದದ್ದು ನಾನಂತೂ ಕೇಳಿಲ್ಲ.

ಬೆಳಿಗ್ಗೆ ನೋಡಿದರೆ ಬಲಗಡೆಯದು ಅವನ ಕಿವಿಯಲ್ಲಿ ಇರುವುದಿಲ್ಲ. ಕೆಳಗಿನ ಮಂಚದ ಬರಿ ಹಾಸಿಗೆಯ ಮೇಲೆ, ತಲೆ ಇಡುವ ಜಾಗದಲ್ಲಿ ಬಿದ್ದಿರುತ್ತದೆ. ನಿದ್ದೆಯಲ್ಲಿ ಜಾರಿ ಬಿದ್ದದ್ದು ಅಂತ ರಂಷಾದ್ ನಕ್ಕ. ಒಂದು ರಾತ್ರಿ ರಂಷಾದನೇ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟ. ಬೆಳಿಗ್ಗೆ ಬೀಗ ಹಾಕಿದ ಹಾಗೇ ಇತ್ತು. ಬಡ್ ಕೆಳಗಿನ ಹಾಸಿಗೆಯ ಮೇಲಿತ್ತು. ರಬ್ಬರಿನ ತುಂಬ ಹಸೀ ಗುಗ್ಗೆ, ಹಳದಿ, ಆಗಷ್ಟೇ ಯಾರದೋ ಕಿವಿಯಿಂದ ತೆಗೆದ ಹಾಗೆ.

ಜಂಷೀರ್ ಇಳಿದು ಬಂದು ಅದನ್ನೆತ್ತಿಕೊಂಡ. ಒರೆಸಲಿಲ್ಲ. ಹಾಗೇ ಕಿವಿಗೆ ಹಾಕಿಕೊಂಡು, ಆ ಹಾಸಿಗೆಯ ಅಂಚಿನಲ್ಲಿ ಕೂತ.

“ಏನಾದ್ರೂ ಕೇಳ್ತಾ?” ಅಂತ ಕೇಳಿದೆ.

ಇಲ್ಲ ಅಂತ ತಲೆ ಆಡಿಸಿದ.

ನೀವು ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅವನು ಎತ್ತಿಕೊಳ್ಳುವ ಮೊದಲು ಈ ಬೆರಳಿನಿಂದ ನಾನೇ ಅದನ್ನು ಮುಟ್ಟಿ ನೋಡಿದ್ದೇನೆ. ಬೆಚ್ಚಗಿತ್ತು.